ಹೊಸ ಆಯ್ಕೆ: ಫ್ಲ್ಯಾಗೋ, ಎನ್ವಿರಾನ್‌ಮೆಂಟ್ ವೇರಿಯಬಲ್ಲೋ?

ಜಯನಗರದ ಪಿಜಿಯಲ್ಲಿ ಕೂತು ಓಪನ್ ಸೋರ್ಸ್ ಕಮಾಂಡ್‌ಲೈನ್ ಟೂಲ್‌ಗೆ ಹೊಸ ಆಯ್ಕೆ ಸೇರಿಸಲು ಹೊರಟಿದ್ದೀರಾ? ಅದು ಫ್ಲ್ಯಾಗ್ (ಕಮಾಂಡ್ ಜೊತೆಗೇ ಪ್ರತಿಸಲ ಟೈಪ್ ಮಾಡುವ ಆಯ್ಕೆ) ಆಗಿರಬೇಕೋ, ಎನ್ವಿರಾನ್‌ಮೆಂಟ್ ವೇರಿಯಬಲ್ (ಮೊದಲೇ ಇಟ್ಟಿರುವ, ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗ್) ಆಗಿರಬೇಕೋ, ಮೊದಲು ತೀರ್ಮಾನಿಸಿ.

ವೇರಿಯಬಲ್ ಆದರೆ ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓದಲಾಗುವ ಸೆಟ್ಟಿಂಗ್ ಫೈಲ್) ಒಂದ್ಸಲ ಬರೆದಿಟ್ಟರೆ ಸಾಕು. ತೊಂದರೆಯೂ ಅಲ್ಲೇ ಇದೆ. ಫೈಲ್‌ಗಳಲ್ಲಿ ಪದ ಹುಡುಕುವ ಟೂಲ್ ಗ್ನೂ ಗ್ರೆಪ್‌ಗೆ 'ಗ್ರೆಪ್_ಆಪ್ಷನ್ಸ್' ಅಂತ ಒಂದು ವೇರಿಯಬಲ್ ಇತ್ತು. ಅದರಲ್ಲಿ ಬಣ್ಣ ಯಾವಾಗಲೂ ಬರಲಿ ಎಂದು ಇಟ್ಟರೆ, ಗ್ರೆಪ್ ಬಳಸುವ ಸ್ಕ್ರಿಪ್ಟ್‌ಗಳಿಗೂ ಬಣ್ಣದ ಕೋಡ್ ನುಗ್ಗಿ ಔಟ್‌ಪುಟ್ ಕೆಡುತ್ತಿತ್ತು. 2014ರ 2.21ನೇ ಆವೃತ್ತಿ ಎಚ್ಚರಿಕೆ ಕೊಡಲು ಶುರು ಮಾಡಿತು. 2020ರ 3.6ರಲ್ಲಿ ಗ್ರೆಪ್ ಅದಕ್ಕೆ ಬೆಲೆ ಕೊಡುವುದನ್ನೇ ಬಿಟ್ಟಿತು.

ಫ್ಲ್ಯಾಗ್ ಹಾಗಲ್ಲ. ಕಮಾಂಡ್ ಓದಿದರೆ ಏನಾಗುತ್ತೆ ಅಂತ ಗೊತ್ತಾಗುತ್ತದೆ. ನನ್ನ ಓಟು ಇದಕ್ಕೇ. ಉದ್ದ ಹೆಸರೇ ಕೊಡಿ, ಒಂದಕ್ಷರದವು ಬೇಗ ಖಾಲಿಯಾಗುತ್ತವೆ. ದಿನಾ ಬೇಕಿದ್ದರೆ ಏಲಿಯಾಸ್ (ಉದ್ದ ಕಮಾಂಡ್‌ಗೆ ನಾವೇ ಇಡುವ ಚಿಕ್ಕ ಹೆಸರು) ಇದೆಯಲ್ವಾ?

ಪಾಸ್‌ವರ್ಡ್ ಮಾತ್ರ ಫ್ಲ್ಯಾಗ್‌ನಲ್ಲಿ ಬೇಡವೇ ಬೇಡ. ಅದೇ ಸರ್ವರ್‌ನಲ್ಲಿರುವ ಬೇರೆಯವರು ಪಿಎಸ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಕಮಾಂಡ್) ಹೊಡೆದರೆ ಕಾಣಿಸಬಹುದು.