ಮೂರು ಪ್ರೊಜೆಕ್ಟರ್, ಒಂದೇ ಗೋಡೆ: ರೆಸೊಲ್ಯೂಮ್ ಅರೀನಾ ಜೊತೆ ನಾಲ್ಕು ವರ್ಷ

ಬದಿಯಡ್ಕದಲ್ಲಿ ನನ್ನದು ಸೌಂಡ್ಸ್, ಲೈಟ್ಸ್ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ. ಮದುವೆ, ಶಾಲೆಯ ವಾರ್ಷಿಕೋತ್ಸವ, ಬ್ರಹ್ಮಕಲಶ, ಇವೇ ನಮ್ಮ ಸೀಸನ್. ನಾಲ್ಕು ವರ್ಷದ ಹಿಂದೆ ಮೂರು ಪ್ರೊಜೆಕ್ಟರ್ ಜೋಡಿಸಿ ಒಂದೇ ದೊಡ್ಡ ಚಿತ್ರ ತೋರಿಸುವ ಕೆಲಸಕ್ಕೆ ಕೈ ಹಾಕಿದೆ. ಅಂದಿನಿಂದ ರೆಸೊಲ್ಯೂಮ್ ಅರೀನಾ ಬಳಸುತ್ತಿದ್ದೇನೆ. ಕಂಪ್ಯೂಟರ್‌ನಿಂದ ಹಲವು ಪ್ರೊಜೆಕ್ಟರ್‌ಗೆ ವಿಡಿಯೊ ಹಂಚಿ ಓಡಿಸುವ ತಂತ್ರಾಂಶ ಅದು.

ಮೊದಲು ಡೆಮೊದಲ್ಲೇ ಕಲಿತೆ. ಡೆಮೊದಲ್ಲಿ ಎಲ್ಲ ಸೌಲಭ್ಯವೂ ಇದೆ, ಆದರೆ ಪರದೆಯ ಮೇಲೆ ಕಂಪನಿಯ ಗುರುತು ಬರುತ್ತದೆ, ಆಗಾಗ ಒಂದು ಯಂತ್ರದ ದನಿ ಮಾತಾಡುತ್ತದೆ. ಶಾಲೆಯೊಂದರ ರಿಹರ್ಸಲ್‌ನಲ್ಲಿ ಆ ದನಿ ಸೀದಾ ಬಾಕ್ಸ್‌ಗೆ ಹೋಯಿತು. "ಅದು ಯಾರು ಮಾರಾಯ, ನಡುವೆ ಅನೌನ್ಸ್ ಮಾಡೋದು?" ಎಂದು ಹೆಡ್ ಮಾಷ್ಟ್ರು ಕೇಳಿದರು. ಮರುವಾರ ಲೈಸೆನ್ಸ್ ತೆಗೆದುಕೊಂಡೆ. ನೀವು ಕೊಳ್ಳುವಾಗ ನೋಡಿಕೊಳ್ಳಿ: ಇದೇ ಕಂಪನಿಯ ಅವೆನ್ಯೂ ಕಡಿಮೆ ಬೆಲೆಯದ್ದು, ಆದರೆ ಎಡ್ಜ್ ಬ್ಲೆಂಡಿಂಗ್ ಇರುವುದು ಅರೀನಾದಲ್ಲಿ ಮಾತ್ರ.

ಬ್ಲೆಂಡಿಂಗ್ ಅಂದರೆ ಪಕ್ಕಪಕ್ಕದ ಎರಡು ಚಿತ್ರಗಳ ಅಂಚನ್ನು ಒಂದರ ಮೇಲೊಂದು ಬೀಳಿಸಿ, ಅಲ್ಲಿ ಎರಡರ ಬೆಳಕನ್ನೂ ಮೆಲ್ಲಗೆ ಇಳಿಸುವುದು. ನನ್ನ ಒಂದು ಪ್ರೊಜೆಕ್ಟರ್‌ನ ಚಿತ್ರ 1920 ಪಿಕ್ಸೆಲ್ ಅಗಲ, 1080 ಎತ್ತರ. ಅದರಲ್ಲಿ 384 ಪಿಕ್ಸೆಲ್ ಒಂದರ ಮೇಲೊಂದು ಬೀಳಿಸುತ್ತೇನೆ, ಅಂದರೆ ಅಗಲದ ಐದನೇ ಒಂದು ಪಾಲು. ಮೂರು ಪ್ರೊಜೆಕ್ಟರ್ ಸೇರಿ 5760 ಆಗಬೇಕಾದದ್ದು 4992 ಆಗುತ್ತದೆ. ನಮ್ಮ ಅಳತೆಗೆ ಗೋಡೆಯ ಮೇಲೆ ಸುಮಾರು 34 ಅಡಿ ಅಗಲ, ಏಳೂವರೆ ಅಡಿ ಎತ್ತರ. ಸಾಫ್ಟ್‌ವೇರ್ ಕೆಲಸ ಹತ್ತು ನಿಮಿಷ. ಪ್ರೊಜೆಕ್ಟರ್ ಅಡಿಗೆ ರಟ್ಟಿನ ತುಂಡು ಇಟ್ಟು ಮಟ್ಟ ಮಾಡುವುದಕ್ಕೆ ಎರಡು ಗಂಟೆ.

ನಿಜವಾದ ತಲೆನೋವು ಗಿರಾಕಿ ಕೊಡುವ ಫೈಲ್. ಮೊದಲ ವರ್ಷ ಯಾರೋ 4992 ಅಗಲದ ವಿಡಿಯೊವನ್ನು ಎಚ್.264ರಲ್ಲಿ, ಅಂದರೆ ವಿಡಿಯೊ ಮುದುರಿಡುವ ಮಾಮೂಲಿ ರೂಪದಲ್ಲಿ, ಪೆನ್‌ಡ್ರೈವ್‌ಗೆ ಹಾಕಿ ತಂದರು. ಓಡಿಸಿದರೆ ಎತ್ತಿನ ಗಾಡಿಯ ಹಾಗೆ ಕುಲುಕುತ್ತಿತ್ತು. ನನ್ನ ಗ್ರಾಫಿಕ್ಸ್ ಕಾರ್ಡ್ ಎಚ್.264 ಅನ್ನು 4096 ಅಗಲದವರೆಗೆ ಮಾತ್ರ ಬಿಚ್ಚುತ್ತದೆ. ಅದಕ್ಕಿಂತ ಅಗಲವಾದರೆ ಭಾರ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ. ಈಗ ಎಲ್ಲವನ್ನೂ ಆಲಿ ಎಂಬ ರೆಸೊಲ್ಯೂಮ್‌ನವರದ್ದೇ ಪುಕ್ಕಟೆ ತಂತ್ರಾಂಶದಲ್ಲಿ ಡಿಎಕ್ಸ್‌ವಿ ಎಂಬ ಅವರದ್ದೇ ವಿಡಿಯೊ ರೂಪಕ್ಕೆ ಬದಲಾಯಿಸುತ್ತೇನೆ. ಫೈಲ್ ಬೆಟ್ಟದಷ್ಟಾಗುತ್ತದೆ, ಆದರೆ ಬಿಚ್ಚುವ ಕೆಲಸ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುತ್ತದೆ, ಓಟ ಎಣ್ಣೆ ಹಾಕಿದ ಹಾಗೆ. ಹಳೆಯ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಬೇಕೇ ಬೇಕು. ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಫೈಲ್ ಕೊಡದವರಿಗೆ ನಾನು ಮೂರು ಪ್ರೊಜೆಕ್ಟರ್ ಕೊಡುವುದೇ ಇಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ.

ಫೋಟೊ ಕೂಡ ಕಡಿಮೆ ಇಲ್ಲ. ಬೇಕಲ ಕೋಟೆಯ ಉದ್ದದ ಪನೊರಾಮ ಒಂದು ಬಂತು, 22,000 × 4,000 ಪಿಕ್ಸೆಲ್. "ಬರೀ 30 ಎಂಬಿ ಅಲ್ವಾ" ಅಂದರು ತಂದವರು. ಜೆಪೆಗ್ ಮುದುರಿಕೊಂಡಾಗ ಅಷ್ಟೇ. ಕಾರ್ಡ್‌ನೊಳಗೆ ಬಿಚ್ಚಿಕೊಂಡರೆ 350 ಎಂಬಿ. ಮೇಲಾಗಿ ಬಹಳಷ್ಟು ಕಾರ್ಡ್‌ಗಳು ಒಂದು ಚಿತ್ರಕ್ಕೆ 16,384ಕ್ಕಿಂತ ಹೆಚ್ಚು ಅಗಲ ಒಪ್ಪುವುದಿಲ್ಲ. ಗೋಡೆ ತೋರಿಸುವುದೇ 4992, ಉಳಿದದ್ದು ಸುಮ್ನೆ ಹೊರೆ. ಎತ್ತರ 1080ಕ್ಕೆ ಇಳಿಸಿ, ಮೆಲ್ಲಗೆ ಎಡದಿಂದ ಬಲಕ್ಕೆ ಸರಿಯುವ ವಿಡಿಯೊ ಮಾಡಿಕೊಟ್ಟೆ.

ಅದೇ ರಾತ್ರಿ ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಯಿತು. ಯುಪಿಎಸ್ ಮೇಲಿದ್ದ ಕಂಪ್ಯೂಟರ್ ಆಫ್ ಆಗಲಿಲ್ಲ. ಪ್ರೊಜೆಕ್ಟರ್‌ಗಳು ಒಂದೊಂದಾಗಿ ಎದ್ದವು, ಕಂಪ್ಯೂಟರ್ ಅವುಗಳ ಸಾಲು ತಪ್ಪಿಸಿಬಿಟ್ಟಿತು. ಎಡಗಡೆಯ ಬುರುಜು ಬಲಕ್ಕೆ, ಸಮುದ್ರ ನಡುವಿಗೆ! ತಪ್ಪು ಅರೀನಾದ್ದಲ್ಲ. ಈಗ ಪ್ರತಿ ಕೇಬಲ್‌ಗೂ ಹೆಬ್ಬೆರಳಷ್ಟು ದೊಡ್ಡ ಇಡಿಐಡಿ ಎಮ್ಯುಲೇಟರ್ ಸಿಕ್ಕಿಸುತ್ತೇನೆ. ಪ್ರೊಜೆಕ್ಟರ್ ಆಫ್ ಇದ್ದರೂ "ನಾನಿದ್ದೇನೆ" ಎಂದು ಕಾರ್ಡ್‌ಗೆ ಹೇಳುತ್ತಾ ಇರುವುದು ಅದರ ಕೆಲಸ.

ಕಪ್ಪು ದೃಶ್ಯದಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಪ್ರೊಜೆಕ್ಟರ್‌ಗೆ ಪೂರ್ತಿ ಕಪ್ಪು ಬರುವುದಿಲ್ಲ, ಸ್ವಲ್ಪ ಬೆಳಕು ಸೋರುತ್ತದೆ. ಅಂಚು ಸೇರುವಲ್ಲಿ ಅದು ಇಮ್ಮಡಿಯಾಗಿ ಎರಡು ಬೂದು ಪಟ್ಟಿ ಎದ್ದು ಕಾಣುತ್ತದೆ. ನಾನು ಕಪ್ಪಿನ ಬದಲು ಕಡು ನೀಲಿ ಹಾಕಿಸುತ್ತೇನೆ. ಒಮ್ಮೆ ಯಕ್ಷಗಾನಕ್ಕೂ ಹಿಂದೆ ಹೀಗೆ ಕಾಡು, ಅರಮನೆ ಬಿಟ್ಟೆ. ಆಟ ಮುಗಿದ ಮೇಲೆ ಭಾಗವತರು ಹೇಳಿದರು: "ಜನ ವೇಷ ನೋಡುವುದೋ, ನಿನ್ನ ಗೋಡೆ ನೋಡುವುದೋ?" ಆಮೇಲೆ ಆಟಕ್ಕೆ ಹಾಕಿಲ್ಲ. ಅವರು ಹೇಳಿದ್ದು ಸರಿ.

ದುಡ್ಡಿನ ವಿಷಯ: ಬೆಲೆ ಯೂರೊದಲ್ಲಿ, ನಮ್ಮ ಕಡೆಯ ಬಾಡಿಗೆಗೆ ಹೋಲಿಸಿದರೆ ಜಾಸ್ತಿಯೇ. ಆದರೆ ಒಂದೇ ಸಲ ಕೊಟ್ಟರೆ ಸಾಕು. ಒಂದು ವರ್ಷ ಅಪ್‌ಡೇಟ್ ಸಿಗುತ್ತದೆ, ಆಮೇಲೆ ನವೀಕರಿಸದಿದ್ದರೂ ಇರುವ ಆವೃತ್ತಿ ಓಡುತ್ತಲೇ ಇರುತ್ತದೆ. ವರ್ಷಕ್ಕೆ ಎರಡೋ ಮೂರೋ ಕಾರ್ಯಕ್ರಮ ಮಾಡುವವರು ಇದನ್ನು ಕೊಳ್ಳಬೇಡಿ, ಒಂದು ಒಳ್ಳೆಯ ಪ್ರೊಜೆಕ್ಟರ್ ಬಾಡಿಗೆಗೆ ತನ್ನಿ.

ಮುಂದಿನ ತಿಂಗಳು ಮಂಜೇಶ್ವರದವರು ನಾಲ್ಕು ಪ್ರೊಜೆಕ್ಟರ್ ಕೇಳಿದ್ದಾರೆ, 6528 ಪಿಕ್ಸೆಲ್. ಅರೀನಾ ಹೆದರುವುದಿಲ್ಲ. ಆದರೆ ನನ್ನ ಕಾರ್ಡ್‌ನಲ್ಲಿ ಇರುವುದೇ ನಾಲ್ಕು ಪೋರ್ಟ್. ನನ್ನ ಮಾನಿಟರ್ ಎಲ್ಲಿ ಚುಚ್ಚಲಿ?