ಪ್ರೀ-ಅಪ್ರೂವ್ಡ್ ಲೆಟರ್ ಇದೆ ಅಂತ ಟೋಕನ್ ಕೊಟ್ಟೀರಿ, ಜೋಕೆ!

ಬೆಂಗಳೂರಲ್ಲಿ ಫ್ಲ್ಯಾಟ್ ಹುಡುಕ್ತಾ ಇರೋರು ದಯವಿಟ್ಟು ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಬರೀತಿದ್ದೀನಿ. 2 ಲಕ್ಷ ಟೋಕನ್, ಅಂದರೆ ಮನೆ ಹಿಡಿದಿಡೋಕೆ ಕೊಡೋ ಮುಂಗಡ, ಸಿಕ್ಕಿಹಾಕಿಕೊಂಡಿದೆ. ಸಾಲದ ಅರ್ಜಿ ಹಾಕೋಕೆ ಬ್ಯಾಂಕಿನ ಲಾಗಿನ್ ಫೀ 5,000, ಅದರ ಮೇಲೆ ಜಿಎಸ್‌ಟಿ 900, ಹೋಯಿತು. ಲಾಯರ್ ವರದಿಗೆ 6,000, ಎಂಜಿನಿಯರ್‌ಗೆ 3,500, ಅದೂ ಹೋಯಿತು. ಇಷ್ಟಕ್ಕೂ ಕಾರಣ ಹೋಮ್ ಲೋನ್‌ನ ಪ್ರೀ-ಅಪ್ರೂವ್ಡ್ ಲೆಟರ್ ಅನ್ನೋ ಒಂದು ಹಾಳೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ 64 ಲಕ್ಷ ಅಂತಿತ್ತು.

ಆ ಹಾಳೆ ಏನು ಅನ್ನೋದನ್ನ ಮೊದಲು ತಿಳ್ಕೊಳ್ಳಿ. ಬ್ಯಾಂಕಿನವರು ಮೂರು ತಿಂಗಳ ಸಂಬಳ ಚೀಟಿ, ಆರು ತಿಂಗಳ ಸ್ಟೇಟ್‌ಮೆಂಟ್, ಎರಡು ವರ್ಷದ ಫಾರ್ಮ್ 16, ಸಿಬಿಲ್ ಸ್ಕೋರ್ (ಹಳೇ ಸಾಲ ಹೇಗೆ ತೀರಿಸಿದ್ದೀವಿ ಅನ್ನೋದರ ಅಂಕ) ನೋಡಿ, 'ಈ ಮನುಷ್ಯನಿಗೆ ಇಷ್ಟು ಸಾಲ ತೀರಿಸೋ ಶಕ್ತಿ ಇದೆ' ಅಂತ ಕೊಡೋ ಚೀಟಿ. ಮನೆ ಬಗ್ಗೆ ಅದರಲ್ಲಿ ಒಂದಕ್ಷರ ಇರಲ್ಲ. ಇರೋದು ಒಂದೇ ಸಾಲು, ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಕೆ: ಆಸ್ತಿಯ ಕಾನೂನು ಮತ್ತು ತಾಂತ್ರಿಕ ಪರಿಶೀಲನೆಗೆ ಒಳಪಟ್ಟು. ಆ ಸಾಲಲ್ಲೇ ಇರೋದು ಎಲ್ಲಾ.

ಇನ್ನು ಮೊಬೈಲ್ ಆ್ಯಪ್‌ನಲ್ಲಿ 'ನಿಮಗೆ 70 ಲಕ್ಷ ಪ್ರೀ-ಅಪ್ರೂವ್ಡ್' ಅಂತ ಬರುತ್ತಲ್ಲ, ಅದು ಈ ಚೀಟಿಯಷ್ಟೂ ಅಲ್ಲ. ಜಾಹೀರಾತು, ಅಷ್ಟೇ.

ನಡೆದದ್ದು ಇಷ್ಟು. ದಕ್ಷಿಣ ಬೆಂಗಳೂರಿನ 40x60 ಸೈಟಲ್ಲಿ ಎಂಟು ಮನೆಯ ಕಟ್ಟಡ, ನಾಲ್ಕನೇ ಮಹಡಿಯ ಫ್ಲ್ಯಾಟ್, 80 ಲಕ್ಷ. ಲೆಟರ್ ನೋಡಿದ ತಕ್ಷಣ ಬ್ರೋಕರ್ ಮುಖ ಅರಳಿತು. "ಲೋನ್ ಆಗೋಗಿದೆಯಲ್ಲ ಸಾರ್, ಇನ್ನೇನು ಯೋಚನೆ? ಇವತ್ತು ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ." ಈ 'ಇನ್ನೊಂದು ಪಾರ್ಟಿ' ಯಾವಾಗಲೂ ಸಂಜೆಗೇ ಬರುತ್ತೆ, ಗೊತ್ತಿದ್ದೂ ಬಿದ್ದೆ. ದಾಖಲೆ ಕೇಳಿದ್ದಕ್ಕೆ ಓನರ್ ಕಡೆಯಿಂದ ಒಂದೇ ಉತ್ತರ: "ಎ ಖಾತಾ ಇದೆ, ಇ-ಖಾತಾ ಆಗಿದೆ, ಕಂದಾಯ ಕಟ್ಟಿದೆ. ಇನ್ನೇನು ಬೇಕು?"

ಇನ್ನೂ ಬೇಕು ಸ್ವಾಮಿ. ಖಾತಾ ಅನ್ನೋದು ಕಂದಾಯದ ಲೆಕ್ಕ, ಇ-ಖಾತಾ ಅದರ ಆನ್‌ಲೈನ್ ರೂಪ. ಇ-ಖಾತಾ ಇಲ್ಲದೆ ಈಗ ನೋಂದಣಿ ಆಗಲ್ಲ ಅನ್ನೋದು ನಿಜ, ಆದರೆ ಕಟ್ಟಡ ನಕ್ಷೆ ಪ್ರಕಾರ ಎದ್ದಿದೆಯಾ ಅಂತ ಖಾತಾ ಹೇಳಲ್ಲ. ಮಂಜೂರಾದ ಪ್ಲಾನ್ ಬೇಕು, ಓಸಿ (ಕಟ್ಟಡ ನಕ್ಷೆ ಪ್ರಕಾರ ಇದೆ, ವಾಸ ಮಾಡಬಹುದು ಅನ್ನೋ ಪತ್ರ) ಬೇಕು, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿಂದ ತೆಗೆದ ಋಣಭಾರ ಪತ್ರ (ಇಸಿ) ಬೇಕು, ಸುಮಾರು 30 ವರ್ಷದ ಮೂಲ ಪತ್ರಗಳು ಬೇಕು, ಜಮೀನು ಭೂಪರಿವರ್ತನೆ ಆಗಿದ್ದಕ್ಕೆ ಆದೇಶ ಬೇಕು, ಓನರ್ ಮೇಲೇ ಸಾಲ ಇದ್ದರೆ ಅದನ್ನ ತೀರಿಸೋಕೆ ಎಷ್ಟು ಬಾಕಿ ಅಂತ ಅವರ ಬ್ಯಾಂಕಿನ ಪತ್ರ ಬೇಕು. ಇದೆಲ್ಲ ಟೋಕನ್ ಕೊಡೋಕೆ ಮುಂಚೆ. ಕೊಟ್ಟ ಮೇಲೆ ಅಲ್ಲ. ಮುಂಚೆ!

ಟೋಕನ್ ಹೋದ ಹನ್ನೊಂದನೇ ದಿನ ಬ್ಯಾಂಕಿನ ಎಂಜಿನಿಯರ್ ಬಂದ. ಟೇಪ್ ಕೂಡ ಬಿಚ್ಚಲಿಲ್ಲ. ರಸ್ತೆಯಲ್ಲೇ ನಿಂತು ಕಟ್ಟಡ ನೋಡಿದ, ಕೈಲಿದ್ದ ಪ್ಲಾನ್ ನೋಡಿದ, ಮತ್ತೆ ಕಟ್ಟಡ ನೋಡಿದ. "ಪ್ಲಾನ್‌ನಲ್ಲಿ ಸ್ಟಿಲ್ಟ್ (ಕೆಳಗಿನ ಪಾರ್ಕಿಂಗ್) ಮೇಲೆ ಮೂರೇ ಮಹಡಿ ಇದೆಯಲ್ಲ, ನೀವು ತಗೊಳ್ತಿರೋದು ನಾಲ್ಕನೇದಲ್ವಾ?" ಅಂದ. ಪ್ಲಾನ್‌ನಲ್ಲಿ ಆರು ಮನೆ, ಕಟ್ಟಡದಲ್ಲಿ ಎಂಟು. ಕಾಗದದ ಪ್ರಕಾರ ಆ ಫ್ಲ್ಯಾಟ್ ಇಲ್ಲವೇ ಇಲ್ಲ. ಇಲ್ಲದ ಮನೆಗೆ 2 ಲಕ್ಷ ಟೋಕನ್! ಆ ಕ್ಷಣ ಆತನ ಮುಖದಲ್ಲೊಂದು ಸಣ್ಣ ನಗು ಬಂತು, ಅದನ್ನ ಮರೆಯೋಕೆ ಆಗ್ತಿಲ್ಲ.

ಓಸಿ ಇರೋ ಪ್ರಶ್ನೆಯೇ ಇಲ್ಲ, ನಕ್ಷೆ ಮೀರಿದ ಕಟ್ಟಡಕ್ಕೆ ಯಾರು ಕೊಡ್ತಾರೆ? ಸುಪ್ರೀಂ ಕೋರ್ಟ್ ಬೇರೆ 2024ರ ಡಿಸೆಂಬರ್‌ನಲ್ಲಿ, ಓಸಿ ಅಥವಾ ಕಂಪ್ಲೀಷನ್ ಪತ್ರ ನೋಡಿದ ಮೇಲೇ ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ ಬ್ಯಾಂಕುಗಳಿಗೆ ಹೇಳಿದೆ. ಫೈಲ್ ಅಲ್ಲಿಗೇ ನಿಂತಿತು.

ಆಮೇಲೆ ಬಂದ ಉತ್ತರಗಳನ್ನ ಕೇಳಿ.

ಬ್ಯಾಂಕಿಗೆ ಲೋನ್ ಫೈಲ್ ತರೋ ಏಜೆಂಟ್: "ಸಾರ್, ನಿಮಗೆ ಕೊಟ್ಟಿದ್ದು ಲೆಟರ್, ಲೋನ್ ಅಲ್ಲ." ಇದನ್ನ ಲೆಟರ್ ಕೊಡೋ ದಿನ ಹೇಳೋಕೆ ಬಾಯಿಗೇನಾಗಿತ್ತು?

ಓನರ್: "ಲೋನ್ ಆಗದೇ ಇರೋದು ನಿಮ್ಮ ತಾಪತ್ರಯ. ನಾನು ಮಾರಲ್ಲ ಅಂದಿಲ್ಲವಲ್ಲ."

ಬ್ರೋಕರ್: "ಕೆಳಗಡೆ ಐದು ಮನೆಗೂ ಲೋನ್ ಆಗಿದೆ ಸಾರ್, ನಿಮ್ಮ ಬ್ಯಾಂಕೇ ಸರಿ ಇಲ್ಲ." ಕೆಳಗಿನ ಮನೆಗಳು ಪ್ಲಾನ್ ಒಳಗೇ ಇವೆಯಲ್ಲ ಮಾರಾಯ! ಇಷ್ಟಾದ ಮೇಲೂ ಆಸಾಮಿ ಬಿಡಲಿಲ್ಲ. "ಬೇರೆ ಕಡೆ ನೋಡ್ತೀನಿ" ಅಂತ ಫೈಲನ್ನ ನಾಲ್ಕು ಕಡೆ ಹಂಚಿದ. ಎರಡೇ ವಾರದಲ್ಲಿ ನಾಲ್ಕು ಕಡೆಯವರು ಸಾಲಕ್ಕಾಗಿ ನನ್ನ ಸಿಬಿಲ್ ತೆಗೆದು ನೋಡಿದರು, ಸ್ಕೋರ್ 781ರಿಂದ 752ಕ್ಕೆ ಇಳೀತು. ಕೊನೆಗೆ ಒಂದು ಫೈನಾನ್ಸ್ ಕಂಪನಿ ಶೇ. 11.5ಕ್ಕೆ ಒಪ್ಪಿತು. 64 ಲಕ್ಷಕ್ಕೆ 20 ವರ್ಷ ಅಂದರೆ ಶೇ. 8.5ರಲ್ಲಿ ತಿಂಗಳಿಗೆ ಸುಮಾರು 55,500 ಕಂತು, 11.5ರಲ್ಲಿ 68,250. ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಜಾಸ್ತಿ, ಅದೂ ನಾಳೆ ಯಾರಿಗೂ ಮಾರೋಕಾಗದ ಮನೆಗೆ. ಕೈ ಮುಗಿದು ಬಂದಿದ್ದಾಯಿತು.

ಟೋಕನ್ ವಾಪಸ್ ಯಾಕೆ ಸಿಗ್ತಿಲ್ಲ ಅಂದರೆ, ರಸೀದಿಯಲ್ಲಿ "ಖರೀದಿದಾರ ಹಿಂದೆ ಸರಿದರೆ ಮುಂಗಡ ಹಿಂತಿರುಗಿಸುವುದಿಲ್ಲ" ಅಂತ ಬರೆದಿತ್ತು. ಲೆಟರ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಅದರ ಕೆಳಗೇ ಸಹಿ. ಒಂದೇ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು: "ಆಸ್ತಿಯ ದಾಖಲೆ ಅಥವಾ ನಕ್ಷೆಯ ಕಾರಣಕ್ಕೆ ಬ್ಯಾಂಕ್ ಸಾಲ ತಿರಸ್ಕರಿಸಿದರೆ 7 ದಿನದೊಳಗೆ ಪೂರ್ತಿ ಮುಂಗಡ ವಾಪಸ್." ಈ ಸಾಲು ಬರೆಯಲ್ಲ ಅನ್ನೋ ಓನರ್‌ಗೆ ವಿಷಯ ಮೊದಲೇ ಗೊತ್ತಿದೆ ಅಂತಲೇ ಅರ್ಥ, ನನ್ನ ಪಾಲಿಗಂತೂ.

ಹಾಗಾದರೆ ಲೆಟರ್ ಯಾವಾಗ ತಗೋಬೇಕು? ತಗೊಳ್ಳಿ, ಬೇಡ ಅನ್ನಲ್ಲ. ಬಜೆಟ್ ಎಷ್ಟು ಅಂತ ಗೊತ್ತಾಗೋದೇ ಅದರಿಂದ. ಆದರೆ ಸುಮ್ಮನೆ ಏರಿಯಾ ನೋಡೋ ಹೊತ್ತಲ್ಲಿ ಬೇಡ. ಕೈಲಿದ್ದಿದ್ದಕ್ಕೆ 90 ದಿನ ಅಷ್ಟೇ ಗಡುವಿತ್ತು, ಅದರಲ್ಲಿ ಎರಡು ತಿಂಗಳು ಮನೆ ನೋಡೋದರಲ್ಲೇ ಕಳೆದುಹೋಯಿತು, ಆ ಗಡಿಬಿಡಿಯೂ ಸೇರಿಯೇ ಈ ಎಡವಟ್ಟು. ಮೊದಲು ನಿಮ್ಮ ಸಿಬಿಲ್ ನೀವೇ ನೋಡಿ, ಅದರಿಂದ ಸ್ಕೋರ್ ಇಳಿಯಲ್ಲ. ಎರಡು ಮೂರು ಮನೆ ಗಟ್ಟಿಯಾಗಿ ಕಣ್ಣಿಗೆ ಬಿದ್ದಾಗ ಒಂದೇ ಬ್ಯಾಂಕಲ್ಲಿ, ದಾಖಲೆ ಕೊಟ್ಟು, ಲೆಟರ್ ತಗೊಳ್ಳಿ. ಮನೆ ಒಪ್ಪಿಗೆಯಾದರೆ ಟೋಕನ್ ಬದಲು ಜೆರಾಕ್ಸ್ ಸೆಟ್ ಕೇಳಿ, ಅದೇ ಬ್ಯಾಂಕಿನ ಪ್ಯಾನಲ್ ಲಾಯರ್‌ಗೂ ಎಂಜಿನಿಯರ್‌ಗೂ ತೋರಿಸಿ. 9,500 ಖರ್ಚಾಗುತ್ತೆ, ಆಗಲಿ. 2 ಲಕ್ಷಕ್ಕಿಂತ ವಾಸಿ.

ಟೋಕನ್ ಕೊಡಲೇಬೇಕಾದರೆ ಓನರ್ ಅಕೌಂಟಿಗೇ ಹಾಕಿ, ಬ್ರೋಕರ್ ಕೈಗೆ ನಗದು ಬೇಡ.

ಇನ್ನೊಂದು, ಲೆಟರ್‌ನಲ್ಲಿರೋ ಮೊತ್ತ ನೋಡಿ ಹಿಗ್ಗಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30ರಿಂದ 75 ಲಕ್ಷದ ಸಾಲಕ್ಕೆ ಮನೆ ಬೆಲೆಯ ಶೇ. 80ರವರೆಗೆ ಮಾತ್ರ. ಬೆಲೆ ಅಂದರೆ ಓನರ್ ಹೇಳಿದ್ದಲ್ಲ, ಬ್ಯಾಂಕಿನ ಎಂಜಿನಿಯರ್ ಕಟ್ಟಿದ್ದು ಕಮ್ಮಿ ಇದ್ದರೆ ಅದೇ. 80 ಲಕ್ಷದ ಮನೆಗೆ ಆತ 71 ಕಟ್ಟಿದರೆ ಸಾಲ 56.8 ಲಕ್ಷ, ಲೆಟರ್‌ನಲ್ಲಿದ್ದ 64ಕ್ಕೆ ಕಮ್ಮಿ ಬೀಳೋ 7.2 ಲಕ್ಷವನ್ನೂ ನೀವೇ ಹೊಂದಿಸಬೇಕು. ಮುದ್ರಾಂಕ ಶುಲ್ಕ ಸೆಸ್ ಎಲ್ಲ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. 80 ಲಕ್ಷಕ್ಕೆ 6.08 ಲಕ್ಷ ಆಯಿತು, ಅದಕ್ಕೆ ಬ್ಯಾಂಕ್ ಬಿಡಿಗಾಸು ಕೊಡಲ್ಲ.

ನಿನ್ನೆ ಅದೇ ಬ್ರೋಕರ್ ಸ್ಟೇಟಸ್‌ನಲ್ಲಿ ಅದೇ ಫ್ಲ್ಯಾಟ್ ಬಂದಿದೆ. 78 ಲಕ್ಷ, 'ಎಲ್ಲಾ ಬ್ಯಾಂಕ್ ಲೋನ್ ಲಭ್ಯ'. ನೋಡೋಕೆ ಹೋದರೆ ಲಿಫ್ಟ್ ಗಮನಿಸಿ, ಮೂರನೇ ಮಹಡಿಗೇ ನಿಲ್ಲುತ್ತೆ, ನಾಲ್ಕಕ್ಕೆ ಮೆಟ್ಟಿಲು ಹತ್ತಬೇಕು. ನನಗೆ ಅವತ್ತೇ ಹೊಳೀಬೇಕಿತ್ತು.