ಎರಡು ಬಾಣನಾ, ಮೂರು ಬಾಣನಾ: ರೈಟ್ ಶಿಫ್ಟ್ ಬೇರೆ ಬೇರೆ ಭಾಷೆಲಿ ಓಡಿಸಿ ನೋಡಿದ್ದು

ಕ್ಸಾರ್‌ಶಿಫ್ಟ್ ಅಂತ ಒಂದು ಪುಟ್ಟ ರ‍್ಯಾಂಡಮ್ ನಂಬರ್ ಜನರೇಟರ್ ಇದೆ, ಜಾರ್ಜ್ ಮಾರ್ಸಾಗ್ಲಿಯಾ 2003ರಲ್ಲಿ ಕೊಟ್ಟಿದ್ದು. 32 ಬಿಟ್‌ದು ಬರೀ ಮೂರು ಸ್ಟೆಪ್ಪು, ನಂಬರ್‌ನ ಬಿಟ್‌ಗಳನ್ನ ಎಡಕ್ಕೆ 13 ಜಾಗ ಸರಿಸೋದು (ಇದೇ ಶಿಫ್ಟ್), ಬಲಕ್ಕೆ 17, ಎಡಕ್ಕೆ 5, ಪ್ರತಿ ಸಲ ಬಂದಿದ್ದನ್ನ ಇದ್ದ ನಂಬರ್ ಜೊತೆ ಕ್ಸಾರ್ (ಎರಡು ಬಿಟ್ ಬೇರೆ ಇದ್ರೆ 1, ಒಂದೇ ಇದ್ರೆ 0) ಮಾಡೋದು ಅಷ್ಟೇ. ಸಿ ಕೋಡನ್ನ ಹಾಗೇ ಜಾವಾಗೆ ಇಳಿಸ್ದೆ. ಸೀಡ್ (ಶುರು ಮಾಡೋ ನಂಬರ್) 1 ಕೊಟ್ರೆ ಮೊದಲ್ನೇದು 270369, ಎರಡು ಕಡೆನೂ ಅದೇ ಬಂತು, ಆಯ್ತು ಮುಗೀತು ಅಂತ ಎದ್ದು ಹೋಗೋದಿತ್ತು. ಎರಡನೇದು ಸಿ ಲಿ 67634689, ಜಾವಾದಲ್ಲಿ 67601921. ಸರಿಯಾಗಿ 32768 ಕಮ್ಮಿ!

ಏನಾಗಿತ್ತು ಅಂದ್ರೆ ಎರಡನೇ ಸುತ್ತಲ್ಲಿ ಮೇಲಿನ ಬಿಟ್ 1 ಆಗ್ಬಿಡತ್ತೆ, ಜಾವಾ ಇಂಟ್‌ಗೆ (ಅದ್ರ 32 ಬಿಟ್ ಪೂರ್ಣಾಂಕದ ಟೈಪ್) ಅದು ಮೈನಸ್ ನಂಬರ್, ಬಲಕ್ಕೆ ಸರಿಸೋ >> ಹಾಕಿದ್ರೆ ಎಡಗಡೆ ಖಾಲಿ ಆದ ಜಾಗಕ್ಕೆಲ್ಲ 1 ತುಂಬ್ತಾ ಹೋಗತ್ತೆ. ಸಿ ಲಿ ಟೈಪೇ ಅನ್‌ಸೈನ್ಡ್ (ಮೈನಸ್ ಇಲ್ಲದ್ದು) ಇದ್ದಿದ್ರಿಂದ 0 ತುಂಬಿತ್ತು. >>> ಹಾಕ್ದೆ, ಅದು ಯಾವಾಗ್ಲೂ 0 ತುಂಬತ್ತೆ, ಸರಿಹೋಯ್ತು. ಮೂರನೇದು 2647435461 ಬರ್ಬೇಕು, ಜಾವಾ -1647531835 ಅಂತು, ಆದ್ರೆ ಬಿಟ್‌ಗಳು ಅವೇ, ತೋರ್ಸೋ ರೀತಿ ಬೇರೆ ಅಷ್ಟೇ.

ಆದ್ರೂ ಈ ಮೂರು ಬಾಣನ ಪೂರ್ತಿ ನಂಬ್ಬೇಡಿ. ಜಾವಾದ 8 ಬಿಟ್ ಬೈಟ್‌ನಲ್ಲಿ -1 ಇಟ್ಟು >>> 4 ಮಾಡಿ ನೋಡಿ, 15 ಬರಲ್ಲ, 268435455 ಬರತ್ತೆ, ಯಾಕಂದ್ರೆ ಶಿಫ್ಟ್‌ಗೆ ಮುಂಚೆನೇ ಬೈಟು 32 ಬಿಟ್ ಇಂಟ್ ಆಗಿರತ್ತೆ, ಮೊದ್ಲು 255 ಜೊತೆ ಆಂಡ್ (ಎರಡೂ ಬಿಟ್ 1 ಇದ್ರೆ ಮಾತ್ರ 1) ಮಾಡಿ ಕೆಳಗಿನ 8 ಬಿಟ್ ಮಾತ್ರ ಉಳಿಸ್ಕೊಳ್ಲೇಬೇಕು.

ಜಾವಾಸ್ಕ್ರಿಪ್ಟ್‌ನಲ್ಲೂ >>> ಇದೆ, ಇಲ್ಲಿ ಅದ್ರ ಉತ್ತರ ಯಾವತ್ತೂ ಪ್ಲಸ್ಸೇ, ಹಂಗಾಗಿ ಕೊನೆಗೊಂದು >>> 0 ಹಾಕಿದ್ರೆ 2647435461 ನೀಟಾಗಿ ಬರತ್ತೆ. ನೋಡೋಕೆ ಟೈಪೋ ಥರ ಇದ್ರೂ ನಂಗಿಷ್ಟ. ಬಿಗ್‌ಇಂಟ್ (ಎಷ್ಟು ದೊಡ್ಡ ಪೂರ್ಣಾಂಕನಾದ್ರೂ ಹಿಡಿಯೋ ಟೈಪ್) ಮೇಲೆ ಮಾತ್ರ ಹಾಕಿದ್ರೆ ಟೈಪ್ ಎರರ್.

ಪೈಥಾನ್ ಕಥೆನೇ ಉಲ್ಟಾ. ಅಲ್ಲಿ ನಂಗೆ ಕೈಕೊಟ್ಟಿದ್ದು ಲೆಫ್ಟ್ ಶಿಫ್ಟು, ನಂಬರ್‌ಗೆ ಅಗಲದ ಮಿತಿನೇ ಇಲ್ವಲ್ಲ, ಎರಡನೇ ಉತ್ತರಾನೇ 68787111425 ಬಂತು. ಪ್ರತಿ ಲೆಫ್ಟ್ ಶಿಫ್ಟ್ ಆದ್ಮೇಲೆ 4294967295 (32 ಬಿಟ್ ಎಲ್ಲಾ 1) ಜೊತೆ ಆಂಡ್ ಮಾಡಿದ್ರೆ ಸರಿ, ಒಂದು ಕಡೆ ಮರೆತ್ರೂ ಹೋಯ್ತು.

ಗೋ, ರಸ್ಟ್ ಎರಡರಲ್ಲೂ 32 ಬಿಟ್ ಅನ್‌ಸೈನ್ಡ್ ಟೈಪ್ ತಗೊಂಡೆ, ಬರೀ >> ಬರ್ದೆ, ಮೊದಲ ಸಲಕ್ಕೇ ಮೂರೂ ನಂಬರ್ ಸರಿ. ನನ್ನ ಓಟು ಇವಕ್ಕೇ, ಸೈನ್ ವಿಷಯ ಟೈಪೇ ನೋಡ್ಕೊಂಡ್ರೆ ಪ್ರತಿ ಸಾಲಲ್ಲೂ ಬಾಣ ಎಣಿಸೋ ಕರ್ಮ ಇರಲ್ಲ. ಇವೆರಡರಲ್ಲಿ ಯಾವ್ದು ಅಂತ ನೋಡೋಕೆ ಶಿಫ್ಟ್ ಕೌಂಟ್‌ನ (ಎಷ್ಟು ಜಾಗ ಸರಿಸ್ಬೇಕು ಅನ್ನೋದು) ವೇರಿಯಬಲ್‌ನಲ್ಲಿಟ್ಟು 32 ಕೊಟ್ಟೆ: ಗೋ 0 ಕೊಡ್ತು, ರಸ್ಟ್ ಡಿಬಗ್ ಬಿಲ್ಡ್‌ನಲ್ಲಿ ಪ್ಯಾನಿಕ್ ಆಗಿ (ಎರರ್ ಕೊಟ್ಟು) ನಿಂತ್ಕೊಂಡ್ತು. ಜಾವಾಗೂ ಅದನ್ನೇ ಕೊಟ್ಟೆ, ಅದು ಕೌಂಟ್‌ನ ಕೆಳಗಿನ 5 ಬಿಟ್ ಮಾತ್ರ ನೋಡತ್ತೆ, ಹಂಗಾಗಿ ಕೊಟ್ಟ ನಂಬರನ್ನೇ ಏನೂ ಆಗದಂಗೆ ವಾಪಸ್ ಕೊಡ್ತು. ನಾನು ರಸ್ಟ್‌ನೇ ಇಟ್ಕೊಂಡೆ.